ಸೋತವರ ಲೋಟ

ಆಲ್ದೂರು
12 ಅಕ್ಟೋಬರ್ 2025

ಪ್ರೀತಿಯ ರಕ್ಷಾ,

ಈ ಪತ್ರವನ್ನು ನಿನ್ನೆಯೇ ಬರೆದು ಲಕೋಟೆಗೆ ಹಾಕಿ ಅಂಟಿಸಿಬಿಟ್ಟಿದ್ದೆ. ಅಜ್ಜಿಯ ಮಂಡಿನೋವು, ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪಾಗುತ್ತಿರುವುದು, ಅಪ್ಪ ಪಲ್ಪರ್ ಮೆಷಿನ್ ರಿಪೇರಿಗೆ ಚಿಕ್ಕಮಗಳೂರಿಗೆ ಓಡಾಡುತ್ತಿರುವುದು, ಎಲ್ಲ ಇತ್ತು. ಒಂದನ್ನು ಮಾತ್ರ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಲಕೋಟೆಯನ್ನು ಹರಿದು ಹೊಸದಾಗಿ ಬರೆಯಲು ಕೂತಿದ್ದೇನೆ. ಹರಿಯದೆ ಹೋಗಿದ್ದರೆ ಬಹುಶಃ ಎಂದಿಗೂ ಹೇಳುತ್ತಿರಲಿಲ್ಲ.

ನಿನ್ನ ಹೆಸರಿನಲ್ಲಿ ಪತ್ರಿಕೆಯಲ್ಲಿ ಬಂದ ಕ್ಷಮಾಪಣೆಯನ್ನು ಬರೆದದ್ದು ಚನ್ನಬಸವ ಅವರ ಕಂಪನಿಯವರಲ್ಲ. ಅಪ್ಪನೂ ಅಲ್ಲ. ನಾನು.

ಫೋನಿನಲ್ಲಿ ನೀನು ಕೇಳಿದಾಗ "ಕಂಪನಿಯಿಂದ ಯಾರೋ ಬರೆದಿದ್ದಾರೆ" ಎಂದೆ. ಅದಾದ ಎರಡು ದಿನಕ್ಕೆ ನಿಮ್ಮ ಟ್ರೈನಿಂಗ್ ಸೆಂಟರಿನ ಕೋಚ್ ನಿನ್ನ ಫೋನ್ ತೆಗೆದಿಟ್ಟುಕೊಂಡರು, ಬೈಗುಳದ ಮೆಸೇಜುಗಳನ್ನು ನೀನು ಓದುವುದು ಬೇಡ ಎಂದು. ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ನೀನು ಇನ್ನು ನನ್ನನ್ನು ಕೇಳಲಾರೆ ಎನ್ನುವ ಸಮಾಧಾನವೂ ಆ ಥ್ಯಾಂಕ್ಸಿನಲ್ಲಿತ್ತು ಎಂದು ಈಗ ಅನಿಸುತ್ತಿದೆ.

ಕಠ್ಮಂಡುವಿನ ಟೂರ್ನಿಯಲ್ಲಿ ನೀನು ಮಾಡಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಪಾಕಿಸ್ತಾನದ ಹುಡುಗಿಯ ಕೈ ಕುಲುಕಬಾರದು ಎಂದು ತಂಡದ ಮ್ಯಾನೇಜರ್ ಹೇಳಿದ್ದರು, ನೀನು ಕುಲುಕಲಿಲ್ಲ. ಪಂದ್ಯ ಮುಗಿದ ಮೇಲೆ ನಮ್ಮೂರ ಎಸ್ಟೇಟಿನವರ ಕ್ಲಬ್ಬಿನ ಹುಡುಗಿಯಾಗಿಬಿಟ್ಟೆ, ಅಷ್ಟೆ. ಮಳೆಗಾಲದ ಟೇಬಲ್ ಟೆನಿಸ್ ಪಂದ್ಯಗಳಲ್ಲಿ ಗೆದ್ದವರು ಸೋತವರಿಗೆ ಕೈಯಾರೆ ಕಾಫಿ ಬೆರೆಸಿ ಕೊಡಬೇಕು, ಸೋತವರ ಲೋಟ ಖಾಲಿಯಾಗುವ ತನಕ ಎದ್ದು ಹೋಗಬಾರದು. ತಾತನ ಕಾಲದಲ್ಲಿ ಸೋತ ಸಿಟ್ಟಿಗೆ ಎರಡು ಎಸ್ಟೇಟಿನವರು ಮಾತು ಬಿಟ್ಟ ಮೇಲೆ ಮಾಡಿಕೊಂಡ ಪದ್ಧತಿ ಅದು. ನಿನಗೆ ಅದನ್ನು ಕಲಿಸಿದವಳೂ ನಾನೇ. ನಿನ್ನ ಬ್ಯಾಗಿಗೆ ಫ್ಲಾಸ್ಕು, ಡಿಕಾಕ್ಷನ್ನು ತುಂಬಿದವಳೂ ನಾನೇ. ನೀನು ಅವಳಿಗೆ ಕಾಫಿ ಕೊಡುತ್ತಿರುವ ಆ ಫೋಟೊ ಎಲ್ಲೆಡೆ ಹರಡಿದಾಗ ನನಗೆ ಮೊದಲು ಕಂಡದ್ದು ನೀನು ಲೋಟವನ್ನು ಎತ್ತರದಿಂದ ಬಗ್ಗಿಸುತ್ತಿರುವ ರೀತಿ, ಥೇಟ್ ನಿನ್ನ ಅಜ್ಜಿ. ಎದುರಿಗೆ ಹಸಿರು ಅಂಗಿಯ ಹುಡುಗಿ ನಗುತ್ತಿದ್ದಳು. ಉಳಿದವರಿಗೆ ಕಂಡದ್ದು ನಿನ್ನ ಎದೆಯ ಮೇಲಿನ ಕಂಪನಿಯ ಹೆಸರು.

ಮರುದಿನವೇ ಚನ್ನಬಸವ ಅವರು ಮನೆಗೆ ಬಂದರು. ಅವರನ್ನು ನೀನು ಕ್ಲಬ್ಬಿನ ಅಧ್ಯಕ್ಷರೆಂದು, ಅತ್ತಿಗುಂಡಿಯ ತೋಟದವರೆಂದು, ನಿನಗೆ ಬ್ಯಾಟು ಬಟ್ಟೆ ಕೊಡಿಸುವ ಅಂಕಲ್ ಎಂದು ಬಲ್ಲೆ. ಅವರ ಬೆಂಗಳೂರಿನ ಕಾರ್ಖಾನೆಯಲ್ಲಿ ಸೈನ್ಯದ ಡ್ರೋನುಗಳಿಗೆ ಬಿಡಿಭಾಗ ಮಾಡುತ್ತಾರೆ ಎನ್ನುವುದನ್ನು ನಾವ್ಯಾರೂ ದೊಡ್ಡದಾಗಿ ಯೋಚಿಸಿರಲಿಲ್ಲ.

"ಮಗು ತಪ್ಪು ಮಾಡಿದೆ ಅಂತ ನಾನು ಹೇಳಲ್ಲ ಶಾಲಿನಿಯವ್ರೇ," ಎಂದರು. "ಆದ್ರೆ ರಕ್ಷಣಾ ಇಲಾಖೆ ಆರ್ಡರ್ ಈಗ ಟೇಬಲ್ ಮೇಲಿದೆ. ಈ ಫೋಟೊನೂ ಅದೇ ಟೇಬಲ್ ಮೇಲೆ ಹೋಗಿ ಕೂತ್ರೆ ನಾನೇನು ಮಾಡ್ಲಿ ಹೇಳಿ."

ನಿನ್ನನ್ನು ಫೆಬ್ರವರಿಯ ರಾಷ್ಟ್ರೀಯ ಕ್ಯಾಂಪಿನಿಂದ ಕೈಬಿಡುತ್ತಾರೆ ಎಂಬ ಸುದ್ದಿಯೂ ಅವರೇ ತಂದರು. ಕಂಪನಿಯವರು ಬರೆದ ಒಂದು ಹಾಳೆ ಜೇಬಿನಲ್ಲಿತ್ತು. ಓದಿದೆ. ಇಂಗ್ಲಿಷ್ ತುಂಬ ಕೆಟ್ಟದಾಗಿತ್ತು. ಅಪ್ಪ, "ತಿದ್ದಿಕೊಟ್ಬಿಡು ಮಾರಾಯ್ತಿ, ಕಾನ್ವೆಂಟಿಗೆ ಹೋಗಿದ್ದು ಯಾಕೆ ಮತ್ತೆ" ಎಂದರು. ತಿದ್ದಲು ಕೂತವಳು ಪೂರ್ತಿ ಹೊಸದಾಗಿ ಬರೆದೆ. ಅವರ ಹಾಳೆಯಲ್ಲಿ ಇಲ್ಲದ ಒಂದು ವಾಕ್ಯ ನನ್ನದರಲ್ಲಿ ಬಂತು: ಎದುರಾಳಿ ಹುಡುಗಿಯೇ ನಮ್ಮ ಬೆಂಚಿನ ಬಳಿ ಬಂದು ಕಾಫಿ ಕೇಳಿದಳು, ಫೋಟೊ ತೆಗೆಸುವ ಉದ್ದೇಶದಿಂದ ಬಂದಿದ್ದಳೆಂದು ನನಗೆ ತಿಳಿಯಲಿಲ್ಲ, ಗಡಿಯಲ್ಲಿರುವ ಸೈನಿಕರ ತಾಯಂದಿರ ಕ್ಷಮೆ ಕೇಳುತ್ತೇನೆ.

ಯಾರೂ ಅದನ್ನು ಬರೆ ಎಂದು ಹೇಳಿರಲಿಲ್ಲ. ಕಾರಣವಿಲ್ಲದ ಕ್ಷಮಾಪಣೆ ಟೊಳ್ಳಾಗಿ ಕೇಳಿಸುತ್ತದೆ ಎಂದು ಒಂದು ಕಾರಣ ಹುಡುಕಿದೆ. ನಿನಗೆ ಹದಿನೇಳು, ಆದ್ದರಿಂದ ಕೆಳಗೆ ಪೋಷಕಿಯ ಸಹಿಯೂ ನನ್ನದೇ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಯಾಕೆಂದರೆ ಇಂಗ್ಲಿಷಿನಲ್ಲಿ ನಾನು ಬೇಗ, ಚೆನ್ನಾಗಿ ಬರೆದುಬಿಡುತ್ತೇನೆ. ಕನ್ನಡದಲ್ಲಿ ತಡವರಿಸುತ್ತೇನೆ. ಈಗ ನನಗೆ ತಡವರಿಸುವುದೇ ಒಳ್ಳೆಯದು.

ನಿನ್ನ,
ಅಮ್ಮ


ಚೆನ್ನೈ
26 ಅಕ್ಟೋಬರ್ 2025

ಅಮ್ಮ,

ಪತ್ರ ಬಂತು. ನನಗೆ ಮೊದಲೇ ಗೊತ್ತಿತ್ತು. "ಅಚಾತುರ್ಯದಿಂದ" ಅನ್ನುವುದಕ್ಕೆ ನೀನು ಬಳಸುವ ಇಂಗ್ಲಿಷ್ ಪದ ಒಂದಿದೆಯಲ್ಲ, ಸ್ಕೂಲಿಗೆ ಬರೆದ ನನ್ನ ರಜಾ ಚೀಟಿಗಳಲ್ಲೆಲ್ಲ ಅದು ಇರುತ್ತಿತ್ತು. ಪೇಪರಿನಲ್ಲಿ ಅದನ್ನು ನೋಡಿದ ಕೂಡಲೇ ನಮ್ಮಮ್ಮ ಅಂದುಕೊಂಡೆ. ನೀನಾಗಿಯೇ ಹೇಳುತ್ತೀಯೋ ಇಲ್ಲವೋ ಅಂತ ಕಾಯುತ್ತಿದ್ದೆ.

ನಡೆದದ್ದನ್ನು ನೀನು ನನ್ನ ಹತ್ತಿರ ಕೇಳಲೇ ಇಲ್ಲ. ಈಗ ಹೇಳುತ್ತೇನೆ.

ಅವಳ ಹೆಸರು ಮಹನೂರ್. ಸಿಯಾಲ್‌ಕೋಟ್‌ನವಳು. ಅವಳು ನಮ್ಮ ಬೆಂಚಿಗೆ ಬರಲಿಲ್ಲ. ಸೋತು ಕಾರಿಡಾರಿನಲ್ಲಿ ಒಬ್ಬಳೇ ಕೂತಿದ್ದಳು. ನಾನೇ ಫ್ಲಾಸ್ಕ್ ತೆಗೆದುಕೊಂಡು ಹೋದೆ. ಬೇಡ ಅಂದಳು. ನನ್ನ ಹಿಂದಿಯಲ್ಲಿ ನಮ್ಮ ಕ್ಲಬ್ಬಿನ ರೂಲ್ ಹೇಳಿದೆ. "ನಿಮ್ಮ ಕ್ಲಬ್ಬಿನವರೆಲ್ಲ ಹುಚ್ಚರಾ?" ಅಂದಳು. ಹೌದು ಅಂದೆ. ಆಗ ನಕ್ಕಳು. ಫೋಟೊದಲ್ಲಿರುವುದು ಆ ನಗು. ಒಂದು ಗುಟುಕು ಕುಡಿದು "ಇದು ಔಷಧಿನಾ?" ಅಂತ ಕೇಳಿದಳು. ಆದರೂ ಪೂರ್ತಿ ಕುಡಿದಳು, ಕುಡಿಯದಿದ್ದರೆ ನಾನು ಏಳುವ ಹಾಗಿಲ್ಲ ಅಂದಿದ್ದೆನಲ್ಲ. ಫೋಟೊ ತೆಗೆದದ್ದು ನೇಪಾಳದ ಒಬ್ಬ ವಾಲಂಟಿಯರ್. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಇಲ್ಲಿ ಎಲ್ಲರೂ ಒಳ್ಳೆಯವರಾಗಿದ್ದಾರೆ. ಅವಳೇ ಬಲೆ ಬೀಸಿದ್ದು ಅಂತ ಗೊತ್ತಾದ ಮೇಲೆ ನನ್ನನ್ನು ಪಾಪದವಳು ಅನ್ನುತ್ತಾರೆ. ಊಟಕ್ಕೆ ಪಕ್ಕದಲ್ಲಿ ಕೂರುತ್ತಾರೆ.

ಆ ವಾಕ್ಯ ವಾಪಸ್ ತೆಗೆದುಕೊ.

ರಕ್ಷಾ


ಆಲ್ದೂರು
9 ನವೆಂಬರ್ 2025

ರಕ್ಷಾ,

ನಿನ್ನ ಪತ್ರ ಬಂದು ಒಂದು ವಾರದ ಮೇಲಾಯಿತು. ಕೊಯ್ಲು ಶುರುವಾಗಿದೆ, ಅಸ್ಸಾಮಿನ ಕೆಲಸದವರು ಬಂದಿದ್ದಾರೆ, ಬೆಳಿಗ್ಗೆಯಿಂದ ಕಣದಲ್ಲೇ ಇರುತ್ತೇನೆ ಎಂದೆಲ್ಲ ಬರೆಯಬಹುದು. ಯಾವುದೂ ಸುಳ್ಳಲ್ಲ, ಆದರೆ ತಡವಾದದ್ದು ಅದರಿಂದಲ್ಲ.

ಅಪ್ಪನಿಗೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು. "ಈಗ ಎಲ್ಲ ತಣ್ಣಗಾಗಿದೆ. ಮಗು ಕ್ಯಾಂಪಿಗೆ ಹೋಗುತ್ತೆ. ಆ ಹುಡುಗಿ ಯಾರು, ಎಲ್ಲಿಯವಳು? ಅವಳ ಬಗ್ಗೆ ಇಲ್ಲಿ ನಾಲ್ಕು ಜನ ಏನೋ ಅಂದ್ಕೊಂಡ್ರೆ ಅವಳಿಗೇನಾಗುತ್ತೆ?" ಎಂದರು. ನಿಜ ಹೇಳಬೇಕೆಂದರೆ, ಅವರು ಹಾಗೆ ಕೇಳಿದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಕ್ಷಮಾಪಣೆಯನ್ನು ಕ್ಲಬ್ಬಿನ ನೋಟಿಸ್ ಬೋರ್ಡಿಗೆ ಚುಚ್ಚಿದ್ದಾರೆ. ದೀಪಾವಳಿಯ ಊಟದ ದಿನ ಎಲ್ಲರೂ ಅದರ ಮುಂದೆ ನಿಂತು ಓದುತ್ತಿದ್ದರು. ವಿಶಾಲಾಕ್ಷಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಮಗ ನಂದನ್ ಈಗ ಕಾಶ್ಮೀರದಲ್ಲಿದ್ದಾನೆ, ಮೇ ತಿಂಗಳಲ್ಲಿ ಐದು ದಿನ ಅವನ ಸುದ್ದಿಯೇ ಇರಲಿಲ್ಲ. "ಸೈನಿಕರ ತಾಯಂದಿರು ಅಂತ ಬರೆದಿದ್ದಾಳಲ್ಲ ಮಗು, ಓದಿ ಕಣ್ಣಲ್ಲಿ ನೀರು ಬಂತು ಕಣೇ" ಎಂದರು. ನಾನು ಹೋಳಿಗೆ ತಿಂದೆ.

ಅವರ ಕೋಪವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಏಪ್ರಿಲಿನಲ್ಲಿ ಕಾಶ್ಮೀರ ಪ್ರವಾಸಕ್ಕೆ ಹೋದವರು ಹೆಣವಾಗಿ ಬಂದರು. ಅಂಥ ಮನೆಗಳ ಮುಂದೆ ನಿಂತು ನಮ್ಮ ಕ್ಲಬ್ಬಿನ ಲೋಟದ ಪದ್ಧತಿ ಹೇಳುವ ಧೈರ್ಯ ನನಗಿಲ್ಲ. ಆದರೆ ಈ ಕೋಪ ಎಲ್ಲಿ ಹೊರಡುತ್ತದೆ, ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡಿದರೆ ದಿಗಿಲಾಗುತ್ತದೆ. ಅವತ್ತೇ ಊಟದ ಮೇಜಿನಲ್ಲಿ ಟರ್ಕಿ ಪಾಕಿಸ್ತಾನಕ್ಕೆ ಡ್ರೋನ್ ಕೊಟ್ಟಿತು ಎಂಬ ಮಾತು ಮತ್ತೆ ಬಂತು. ಟರ್ಕಿಯ ಸೇಬು ಮುಟ್ಟುವುದಿಲ್ಲ ಎಂದು ಮೇ ತಿಂಗಳಲ್ಲಿ ಮಾಡಿದ ಶಪಥವನ್ನು ಅಪ್ಪ ಇನ್ನೊಮ್ಮೆ ಮಾಡಿದರು. ಕಾರಿನಲ್ಲಿ ಬರುವಾಗ ಅಜ್ಜಿ ಹಿಂದಿನ ಸೀಟಿನಿಂದ, "ಹೋದ ವರ್ಷ ನಮ್ಮ ಚೆರ್ರಿ ಕಾಫಿ ಎಲ್ಲಿಗೆ ಹೋಯ್ತು ಅಂದಿದ್ದ ಆ ವ್ಯಾಪಾರಿ? ಟರ್ಕಿಗೆ ಅಲ್ವೇನೋ ರುದ್ರೇಶ?" ಎಂದರು. ಅಪ್ಪ, "ಅದು ಎಕ್ಸ್‌ಪೋರ್ಟ್ ಅಮ್ಮ, ಬೇರೆ" ಎಂದರು. "ಓ, ತಗೊಳ್ಳೋದು ಬೇಡ, ಕೊಡೋದು ಆಗುತ್ತೆ ಅನ್ನು" ಎಂದರು ಅಜ್ಜಿ. ನಾನು ನಕ್ಕೆ. ಮನೆ ಬರುವಷ್ಟರಲ್ಲಿ ನಗು ಎಲ್ಲಿಗೋ ಹೋಗಿತ್ತು.

ನನಗೆ ಸ್ವಲ್ಪ ಸಮಯ ಕೊಡು. ಕ್ಯಾಂಪ್ ಮುಗಿಯಲಿ. ಆಮೇಲೆ ಖಂಡಿತ ಏನಾದರೂ ಮಾಡುತ್ತೇನೆ.

ಅಮ್ಮ


ಚೆನ್ನೈ
27 ನವೆಂಬರ್ 2025

ಅಮ್ಮ,

ಅವಳಿಗೇನಾಗುತ್ತೆ ಅಂತ ಅಪ್ಪ ಕೇಳಿದರಲ್ಲ, ಹೇಳು ಅವರಿಗೆ. ಮಹನೂರ್‌ಳನ್ನು ಅವರ ದೇಶದ ಟೇಬಲ್ ಟೆನಿಸ್ ಮಂಡಳಿ ಎರಡು ವರ್ಷ ಆಡದ ಹಾಗೆ ಮಾಡಿದೆ. ಶತ್ರುಗಳ ಬೆಂಚಿಗೆ ತಾನಾಗಿ ಹೋಗಿ ಕಾಫಿ ಬೇಡಿದಳು, ಪ್ರಚಾರಕ್ಕಾಗಿ ದೇಶದ ಮಾನ ತೆಗೆದಳು ಅಂತ ಕಾರಣ. ಪುರಾವೆ ಏನು ಗೊತ್ತಾ? ನನ್ನ ಕ್ಷಮಾಪಣೆ. ನಿನ್ನ ವಾಕ್ಯವನ್ನು ಹಾಗೆಯೇ ಎತ್ತಿ ಹಾಕಿದ್ದಾರೆ.

ನಿನ್ನ ವಾಕ್ಯವನ್ನು ನಮ್ಮವರೂ ನಂಬಿದರು, ಅವರೂ ನಂಬಿದರು. ಎರಡು ದೇಶ ಒಪ್ಪಿದ್ದು ಅದೊಂದನ್ನೇ ಅನಿಸುತ್ತದೆ.

ಈ ಸುದ್ದಿ ಹೇಳಿದ್ದು ನೇಪಾಳದ ಆ ವಾಲಂಟಿಯರ್. ಸೆಂಟರಿನ ಆಫೀಸಿಗೆ ಫೋನ್ ಮಾಡಿ ನನ್ನ ಹತ್ತಿರ ಅತ್ತರು, ಫೋಟೊ ತೆಗೆದದ್ದೇ ತಪ್ಪಾಯಿತು ಅಂತ. ಅಳಬೇಕಾದದ್ದು ಅವರಲ್ಲ.

ನಾನು ಇವತ್ತು ಪ್ರಾಕ್ಟೀಸಿಗೆ ಹೋಗಲಿಲ್ಲ.

ರಕ್ಷಾ


ಆಲ್ದೂರು
14 ಡಿಸೆಂಬರ್ 2025

ರಕ್ಷಾ,

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ಕಣಕ್ಕೆ ಹೋದರು, ಕತ್ತಲಾದ ಮೇಲೆ ಬಂದರು. "ನೋಡೋಣ" ಎಂದರು. ನಮ್ಮ ಮನೆಯಲ್ಲಿ "ನೋಡೋಣ" ಎಂದರೆ ಏನೆಂದು ನಿನಗೆ ಗೊತ್ತು.

ಕಳೆದ ಶನಿವಾರ ನಡೆದದ್ದನ್ನು ಹೇಳಬೇಕು.

ಚನ್ನಬಸವ ಅವರ ಕಂಪನಿಗೆ ಎಂಜಿನ್ ಕೊಡುವ ಯುರೋಪಿನ ಇಬ್ಬರು ಬಂದಿದ್ದರು. ಕ್ಲಬ್ಬಿನಲ್ಲಿ ಅವರಿಗೆ ಊಟ. ಇಂಗ್ಲಿಷ್ ಚೆನ್ನಾಗಿ ಬರುವ ಹೆಂಗಸರು ಒಬ್ಬರಿರಲಿ ಎಂದು ನನ್ನನ್ನು ಕರೆದರು. ಹೋದೆ. ನಿನ್ನ ಪತ್ರ ನನ್ನ ಕೈಚೀಲದಲ್ಲೇ ಇತ್ತು, ಆದರೂ ಹೋದೆ.

ಒಳ್ಳೆಯ ಜನ ಅವರು. ಒಬ್ಬರಿಗೆ ನಿನ್ನ ವಯಸ್ಸಿನ ಮಗಳಿದ್ದಾಳೆ. ಮಾತಿಗೆ ಮಾತು ಬಂದು, ನಿಮ್ಮ ಎಂಜಿನ್ ಬೇರೆ ಯಾವ ಯಾವ ದೇಶಕ್ಕೆ ಹೋಗುತ್ತದೆ ಎಂದು ಸುಮ್ಮನೆ ಕೇಳಿದೆ. ಅವರು ಮುಚ್ಚಿಡಲಿಲ್ಲ. ಸುಮಾರು ದೇಶಗಳ ಹೆಸರು ಹೇಳುತ್ತ ಹೋದರು, ನಡುವೆ ಪಾಕಿಸ್ತಾನದ ಹೆಸರೂ ಬಂತು. ಅಲ್ಲಿಯ ಸೈನ್ಯದ ಡ್ರೋನುಗಳಿಗೂ ಅದೇ ಎಂಜಿನ್. "ನಮ್ಮದು ಎಂಜಿನ್ ಮಾತ್ರ, ಹಾರಿಸುವವರು ಬೇರೆ" ಎಂದು ನಕ್ಕರು. ಮೇಜಿನಲ್ಲಿದ್ದ ನಮ್ಮವರೆಲ್ಲ ನಕ್ಕರು. ಟರ್ಕಿಯ ಸೇಬು ತಿನ್ನದವರೂ ನಕ್ಕರು.

ಊಟವಾದ ಮೇಲೆ ಚನ್ನಬಸವ ಅವರು ಅತಿಥಿಗಳಿಗೆ ನಮ್ಮ ಪದ್ಧತಿಯನ್ನು ವರ್ಣಿಸಿದರು, ಗೆದ್ದವರು ಸೋತವರಿಗೆ ಕಾಫಿ ಕೊಡುವುದು, ಲೋಟ ಖಾಲಿಯಾಗುವ ತನಕ ಕೂರುವುದು. "ಎಷ್ಟು ನಾಗರಿಕ ಪದ್ಧತಿ" ಎಂದು ಅವರು ಮೆಚ್ಚಿಕೊಂಡರು. "ಶಾಲಿನಿಯವ್ರೇ, ಒಂದ್ಸಾರಿ ತೋರಿಸಿಬಿಡಿ" ಎಂದರು ಚನ್ನಬಸವ. ಅವರ ತಲೆಯ ಹಿಂದೆಯೇ ನೋಟಿಸ್ ಬೋರ್ಡಿನಲ್ಲಿ ನಿನ್ನ ಹೆಸರಿನ ಕ್ಷಮಾಪಣೆ ಇತ್ತು.

ನಾನು ಎದ್ದು ಡಿಕಾಕ್ಷನ್ ಬೆರೆಸಿದೆ. ಎರಡು ಲೋಟಕ್ಕೂ ನೊರೆ ಬರುವ ಹಾಗೆ ಬಗ್ಗಿಸಿ ಕೊಟ್ಟೆ. ಯಾರೋ ಫೋಟೊ ತೆಗೆದರು. ನಾನು ನಕ್ಕಿದ್ದೇನೆ ರಕ್ಷಾ, ಫೋಟೊದಲ್ಲಿ ನೋಡಿದೆ.

ಹೊರಗೆ ಕಾರಿನ ಹತ್ತಿರ ಚನ್ನಬಸವ ಅವರನ್ನು ಕೇಳಿದೆ. "ಇವರು ಅವರಿಗೂ ಮಾರ್ತಾರಲ್ಲ?" ಎಂದೆ.

"ಎಲ್ಲರಿಗೂ ಮಾರ್ತಾರೆ. ಅದು ವ್ಯವಹಾರ."

"ಹಾಗಾದ್ರೆ ನಮ್ಮ ರಕ್ಷಾ ಮಾಡಿದ್ದು?"

ಕೆಟ್ಟವರಲ್ಲ ಅವರು, ನಿನ್ನ ಆಟ ನೋಡಲು ಮೈಸೂರಿನ ತನಕ ಬಂದವರು. "ನೋಡಿ, ಎಂಜಿನ್ ಯಾರಿಗೂ ಕಾಣಲ್ಲ, ಒಳಗಿರುತ್ತೆ. ಆಟ ಎಲ್ಲರಿಗೂ ಕಾಣುತ್ತೆ. ಯಾರ ಹತ್ರ ಕೊಳ್ಬೇಕು, ಯಾರ ಜೊತೆ ಆಡ್ಬೇಕು, ಎರಡನ್ನೂ ನಾವು ನೀವು ತೀರ್ಮಾನ ಮಾಡಲ್ಲ. ಕಾಣೋದ್ರಲ್ಲಿ ಗಟ್ಟಿಯಾಗಿದ್ರೆ ಕಾಣದೇ ಇರೋದು ನಡ್ಕೊಂಡು ಹೋಗುತ್ತೆ" ಎಂದರು. ಮೋಸದ ದನಿಯಿರಲಿಲ್ಲ. ಮಳೆ ಯಾವಾಗ ಬರುತ್ತದೆ ಎಂದು ಹೇಳುವವರ ಹಾಗೆ ಹೇಳಿದರು.

"ಕಾಣೋದು" ಎಂದು ಅವರು ಹೇಳಿದ್ದರಲ್ಲಿ ನಿನ್ನನ್ನು ಕಂಡೆ, ಮಹನೂರ್‌ಳನ್ನೂ ಕಂಡೆ. ಮನೆಗೆ ಬಂದು ಕ್ಷಮಾಪಣೆಯನ್ನು ವಾಪಸ್ ಪಡೆಯುವ ಪತ್ರ ಬರೆಯಲು ಕೂತೆ. ಒಂದು ಪ್ಯಾರಾ ಆಯಿತು. ಅಷ್ಟರಲ್ಲಿ ನಿನ್ನ ಕ್ಯಾಂಪ್ ನೆನಪಾಯಿತು. ಐದು ವರ್ಷದಿಂದ ಬೆಳಗಿನ ಐದಕ್ಕೆ ಏಳುತ್ತಿರುವ ಹುಡುಗಿ ನೀನು. ಪೆನ್ನು ಮುಚ್ಚಿಟ್ಟೆ. ಇದು ನಿನ್ನ ಮೇಲಿನ ಪ್ರೀತಿಯೋ, ನನ್ನ ಹೇಡಿತನಕ್ಕೆ ನಿನ್ನ ಹೆಸರು ಇಟ್ಟುಕೊಂಡದ್ದೋ ತಿಳಿಯುತ್ತಿಲ್ಲ. ತಿಳಿಯುತ್ತಿಲ್ಲ ಎನ್ನುವುದೂ ಬಹುಶಃ ಪೂರ್ತಿ ನಿಜವಲ್ಲ.

ಅಮ್ಮ


ಅತ್ತಿಗುಂಡಿ
8 ಜನವರಿ 2026

ಶ್ರೀಮತಿ ಶಾಲಿನಿ ರುದ್ರೇಶ್ ಅವರಿಗೆ,

ನಮಸ್ಕಾರಗಳು. ಗಣರಾಜ್ಯೋತ್ಸವದ ಬೆಳಿಗ್ಗೆ ಕ್ಲಬ್ಬಿನಲ್ಲಿ ಧ್ವಜಾರೋಹಣವಾದ ಮೇಲೆ ಕುಮಾರಿ ರಕ್ಷಾಳನ್ನು ಸನ್ಮಾನಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ತಪ್ಪನ್ನು ಒಪ್ಪಿಕೊಂಡು ದೇಶದ ಮುಂದೆ ತಲೆಬಾಗಿದ ಅವಳ ನಡತೆ ನಮ್ಮ ಮಕ್ಕಳಿಗೆ ಮಾದರಿ. ಅವಳು ತರಬೇತಿಯಲ್ಲಿರುವುದರಿಂದ ತಾಯಿಯಾಗಿ ತಾವು ಸನ್ಮಾನ ಸ್ವೀಕರಿಸಿ ಎರಡು ಮಾತು ಆಡಬೇಕು. ಕ್ಷಮಾಪಣೆಗೆ ಫ್ರೇಮ್ ಹಾಕಿಸಿದ್ದೇವೆ.

ಇನ್ನೊಂದು ಸಂತೋಷದ ಸುದ್ದಿ. ನಮ್ಮ ಆರ್ಡರ್ ಆಗಿದೆ. ರಕ್ಷಾಳ ಮುಂದಿನ ಮೂರು ವರ್ಷದ ಪ್ರಾಯೋಜಕತ್ವದ ಬಗ್ಗೆ ರುದ್ರೇಶ್ ಅವರೊಡನೆ ಮಾತನಾಡಿದ್ದೇನೆ.

ತಮ್ಮ ಅತ್ತೆ ಸಾವಿತ್ರಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ತಮ್ಮ ವಿಶ್ವಾಸಿ,
ಚನ್ನಬಸವ


ಚೆನ್ನೈ
11 ಜನವರಿ 2026

ಅಮ್ಮ,

ನಾನೇ ಒಂದು ಹೇಳಿಕೆ ಬರೆದು ಕೋಚ್ ಸರ್‌ಗೆ ಕೊಟ್ಟೆ. ಅವರು ಪೂರ್ತಿ ಓದಿದರು. "ಇದು ನಿಜ ಅಂತ ನನಗೆ ಗೊತ್ತು. ಆದರೆ ನೀನು ಮೈನರ್, ಪೋಷಕರ ಸಹಿ ಇಲ್ಲದೆ ನಾನು ಕಳಿಸಲಾರೆ. ಮೊದಲನೆಯದಕ್ಕೆ ಸಹಿ ಹಾಕಿದವರೇ ಇದಕ್ಕೂ ಹಾಕಬೇಕು" ಅಂದರು. ನನಗೆ ಹದಿನೆಂಟು ತುಂಬುವುದು ಜೂನ್‌ನಲ್ಲಿ. ಮಹನೂರ್ ಮೇಲ್ಮನವಿ ಕೊಡಲು ಫೆಬ್ರವರಿ ಹದಿನೈದು ಕೊನೆ.

ಕ್ಯಾಂಪ್ ಹೋದರೆ ಏನು ಮಾಡುತ್ತೀ ಅಂತ ಸರ್ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿಲ್ಲ ಅಮ್ಮ, ನನಗೆ ಬೇರೆ ಏನೂ ಬರುವುದಿಲ್ಲ. ಹೆದರಿಕೆಯಾಗುತ್ತದೆ. ಆದರೆ ನಾನು ಹೆದರುವುದನ್ನು ನೀನು ಕಾರಣ ಮಾಡಿಕೊಳ್ಳಬೇಡ.

ಇದಕ್ಕೆ ಉತ್ತರ ಬರೆಯಬೇಡ. ಸಹಿ ಹಾಕು, ಇಲ್ಲ ಬಿಡು.

ರಕ್ಷಾ


ಆಲ್ದೂರು
25 ಜನವರಿ 2026, ಭಾನುವಾರ

ರಕ್ಷಾ,

ಉತ್ತರ ಬರೆಯಬೇಡ ಎಂದಿದ್ದೆ. ಇದು ಉತ್ತರವಲ್ಲ, ಏನು ಮಾಡಿದ್ದೇನೆ ಎಂದು ತಿಳಿಸುತ್ತಿದ್ದೇನೆ.

ಮೊನ್ನೆ ವಿಶಾಲಾಕ್ಷಮ್ಮನ ಮನೆಗೆ ಹೋಗಿದ್ದೆ. ಅವರ ಹೆಸರು ಎಲ್ಲೂ ಇಲ್ಲದಿದ್ದರೂ ಆ ಕ್ಷಮಾಪಣೆ ಬರೆದದ್ದು ಅವರಂಥವರನ್ನು ತೋರಿಸಿಯೇ ತಾನೆ? ಅವರಿಗೆ ಮೊದಲು ಹೇಳಬೇಕು ಅನಿಸಿತು. ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ನಿಂತೇ ಎಲ್ಲ ಹೇಳಿದೆ.

ಅವರು ಮೆಣಸಿನ ಮೇಲಿನಿಂದ ಕೈ ತೆಗೆಯಲಿಲ್ಲ. "ನಿನ್ನ ಮಗಳು ಕಾಫಿ ಕೊಟ್ಟಿದ್ದು ನಂಗೆ ಇಷ್ಟ ಆಗ್ಲಿಲ್ಲ, ಈಗ್ಲೂ ಇಷ್ಟ ಇಲ್ಲ. ನಂದನ್ ಮನೆಗೆ ಬಂದು ಹೊಸ್ತಿಲು ದಾಟೋ ತನಕ ನಂಗೆ ಇಷ್ಟ ಆಗಲ್ಲ" ಎಂದರು. ನಾನು ತಲೆಯಾಡಿಸಿದೆ. "ಆದ್ರೆ ನೀನು ಮಾಡಿದ್ದು ಏನು ಶಾಲಿನಿ? ಸುಳ್ಳು ಬರ್ದು ಅದಕ್ಕೆ ನನ್ನ ಮಗನ್ನ ಕಾವಲು ನಿಲ್ಸಿದ್ಯಲ್ಲ. ಅವ್ನು ಅಲ್ಲಿ ಚಳೀಲಿ ನಿಂತಿರೋದು ನಿನ್ನ ಸುಳ್ಳು ಕಾಯಕ್ಕಲ್ಲ."

ಕೂರು ಎನ್ನಲಿಲ್ಲ. ನೀರು ಬೇಕಾ ಎಂದೂ ಕೇಳಲಿಲ್ಲ. ಅವರ ಮನೆಯಿಂದ ಹಾಗೆ ಹೊರಟು ಬಂದದ್ದು ಇದೇ ಮೊದಲು.

ಅವತ್ತೇ ಪತ್ರ ಬರೆದೆ. ಮೂರು ಪ್ರತಿ. ಒಂದು ನಮ್ಮ ಟೇಬಲ್ ಟೆನಿಸ್ ಒಕ್ಕೂಟಕ್ಕೆ, ಒಂದು ಕ್ಷಮಾಪಣೆ ಅಚ್ಚು ಮಾಡಿದ ಪತ್ರಿಕೆಗೆ, ಒಂದು ಕಠ್ಮಂಡುವಿನ ಸಂಘಟಕರಿಗೆ. ಸಹಿ ಮಾಡಿದ ಮೂಲ ಕಾಗದ ಬಂದರೆ ಮಹನೂರ್‌ಳ ಮಂಡಳಿಗೆ ತಾವೇ ಮುಟ್ಟಿಸುತ್ತೇವೆ ಎಂದು ಸಂಘಟಕರು ನಿಮ್ಮ ಕೋಚ್‌ಗೆ ಹೇಳಿದ್ದಾರೆ. ಪತ್ರದಲ್ಲಿ ಅಲಂಕಾರವೇನೂ ಇಲ್ಲ. ಕ್ಷಮಾಪಣೆ ಬರೆದವಳು ನಾನು, ಮಗಳಿಗೆ ತೋರಿಸಲಿಲ್ಲ, ಆ ಹುಡುಗಿ ಕಾಫಿ ಕೇಳಲಿಲ್ಲ, ಬೇಡವೆಂದವಳನ್ನು ನನ್ನ ಮಗಳೇ ಒತ್ತಾಯ ಮಾಡಿ ಕುಡಿಸಿದಳು, ಅವಳು ಫೋಟೊಗಾಗಿ ಬಂದಳೆಂದು ಬರೆದದ್ದು ಸುಳ್ಳು, ಆ ಸುಳ್ಳು ನನ್ನದು. ನಿನ್ನ ಹೇಳಿಕೆಗೂ ಸಹಿ ಹಾಕಿ ಜೊತೆಗಿಟ್ಟಿದ್ದೇನೆ. "ಅಚಾತುರ್ಯದಿಂದ" ಎಂಬ ಪದ ಎಲ್ಲೂ ಇಲ್ಲ. ಎರಡು ಸಲ ಬರಲು ನೋಡಿತು, ಹೊಡೆದು ಹಾಕಿದೆ.

ಅಪ್ಪನಿಗೆ ನಿನ್ನೆ ರಾತ್ರಿ ಓದಿ ಹೇಳಿದೆ. "ಪ್ರಾಯೋಜಕತ್ವ ಹೋಗುತ್ತೆ" ಎಂದರು. ಹೌದು ಎಂದೆ. "ಕ್ಯಾಂಪೂ ಹೋಗ್ಬಹುದು." ಹೌದು ಎಂದೆ. ಆಮೇಲೆ, "ಆ ಹುಡುಗಿ ಬೇಡ ಅಂದ್ರೂ ಕುಡ್ಸಿದ್ಲಂತಾ? ಥೇಟ್ ನಮ್ಮಮ್ಮ" ಎಂದರು. ಒಪ್ಪಿದರು ಎಂದು ನಾನು ಬರೆಯುವುದಿಲ್ಲ. ತಡೆಯಲಿಲ್ಲ, ಅಷ್ಟು ಹೇಳಬಲ್ಲೆ.

ನಾಳೆ ಕ್ಲಬ್ಬಿನಲ್ಲಿ ಎರಡು ಮಾತು ಆಡಲು ಹೇಳಿದ್ದಾರಲ್ಲ. ಹೋಗುತ್ತೇನೆ. ಒಕ್ಕೂಟಕ್ಕೆ ಬರೆದ ಪತ್ರವನ್ನೇ ಓದುತ್ತೇನೆ, ಚನ್ನಬಸವ ಅವರ ಎದುರಿಗೆ. ಅವರು ಪೇಪರಿನಲ್ಲಿ ನೋಡಿ ತಿಳಿಯುವುದು ಬೇಡ, ಬೆನ್ನ ಹಿಂದೆ ಮಾಡಿದ್ದು ಒಂದು ಸಲಕ್ಕೆ ಸಾಕು. ನನಗೆ ಧೈರ್ಯ ಬಂದಿದೆ ಎಂದು ತಿಳಿಯಬೇಡ. ನಾಳೆ ಆ ಮುಖಗಳನ್ನು ನೋಡಿ, ಧ್ವಜದ ಕೆಳಗೆ ನಿಂತು, ಥ್ಯಾಂಕ್ಸ್ ಹೇಳಿ ಶಾಲು ಹೊದ್ದುಕೊಂಡು ಬಂದುಬಿಡಬಲ್ಲೆ ಎನ್ನುವುದು ನನಗೆ ಗೊತ್ತಿದೆ. ನನ್ನನ್ನು ನಾನು ಈ ನಾಲ್ಕು ತಿಂಗಳಲ್ಲಿ ಅಷ್ಟು ಕಂಡಿದ್ದೇನೆ.

ನಿನಗೆ ಇನ್ನೊಂದು ಸಮಾಧಾನ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಕ್ಯಾಂಪ್ ಉಳಿಯುತ್ತದೆ ಎನ್ನಲಾರೆ. ಮಹನೂರ್‌ಳ ಮಂಡಳಿ ಇದನ್ನು ನಂಬುತ್ತದೆ ಎನ್ನಲಾರೆ, ಸುಳ್ಳನ್ನು ನಂಬಿದಷ್ಟು ಬೇಗ ಇದನ್ನು ಯಾರೂ ನಂಬಲಿಕ್ಕಿಲ್ಲ. ನನ್ನನ್ನು ಕ್ಷಮಿಸು ಎಂದೂ ಕೇಳುವುದಿಲ್ಲ. ಆ ಪದವನ್ನು ಈಗಾಗಲೇ ನಿನ್ನ ಹೆಸರಿನಲ್ಲಿ ಖರ್ಚು ಮಾಡಿದ್ದೇನೆ.

ನಾಳೆ ಗಣರಾಜ್ಯೋತ್ಸವ, ಅಂಚೆ ಕಚೇರಿಗೆ ರಜೆ. ಈ ಪತ್ರವನ್ನೂ ಆ ಮೂರನ್ನೂ ಮಂಗಳವಾರ ಆಲ್ದೂರಿನ ಕೌಂಟರಿನಲ್ಲಿ ಒಟ್ಟಿಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಲಕೋಟೆಯ ಮೇಲಿನ ಮುದ್ರೆ ನೋಡು. ಬೇರೆ ದಿನ ಇದ್ದರೆ ನಾನು ಮತ್ತೆ ಹಿಂಜರಿದೆ ಎಂದು ಅರ್ಥ.

ಅಮ್ಮ

ಅಂಚೆಗೆ ಹಾಕುವುದು: 27 ಜನವರಿ 2026, ಮಂಗಳವಾರ